ಬ್ರೇಕಿಂಗ್ ಬ್ಯಾಡ್, ಸೊಪ್ರಾನೋಸ್, ವೈರ್: ತಪ್ಪು ಯಾರ್ದು ಅಂತ ಹೇಳೋಕೆ ಯಾವ್ದ್ರಲ್ಲಿ ಜಾಸ್ತಿ ಕಷ್ಟ?

ಗ್ರೇ ಶೇಡ್ ಕ್ಯಾರೆಕ್ಟರ್ ಇರೋ ಸೀರೀಸ್ ಯಾವ್ದಾದ್ರೂ ಹೇಳಿ ಅಂದ್ರೆ ಎಲ್ರೂ ಹೇಳೋದು ಇದೇ ಮೂರು ಹೆಸ್ರು. ಮೂರನ್ನೂ ಪೂರ್ತಿ ನೋಡಿದೀನಿ, ಕೆಲವು ಸೀಸನ್ ಮತ್ತೆ ಮತ್ತೆ ನೋಡಿದೀನಿ, ನೋಡ್ತಾ ನೋಡ್ತಾ ನಂಗೆ ಅನ್ಸಿದ್ದು ಏನಂದ್ರೆ ಈ ಮೂರನ್ನೂ ಒಂದೇ ಗುಂಪಿಗೆ ಸೇರ್ಸೋದು ಸರಿಯಿಲ್ಲ. ಕೊಲೆ ಮಾಡೋನಿಗೆ ಮಗಳ ಮೇಲೆ ಪ್ರಾಣ, ಡ್ರಗ್ಸ್ ಮಾರೋನಿಗೆ ಹೆಂಡ್ತಿ ಮಕ್ಕಳ ಚಿಂತೆ ಅಂತ ತೋರ್ಸಿಬಿಟ್ರೆ ಒಳ್ಳೇದು ಕೆಟ್ಟದ್ದು ಕಲಸಿ ಹೋಯ್ತು ಅಂತ ನಾನು ಒಪ್ಪಲ್ಲ. ಒಂದು ಅನ್ಯಾಯ ಆದ್ಮೇಲೆ ಇದಕ್ಕೆ ಇವನೇ ಕಾರಣ ಅಂತ ಬೆಟ್ಟು ಮಾಡಿ ತೋರ್ಸೋಕೆ ನಂಗೆ ಆಗುತ್ತಾ ಇಲ್ವಾ, ನಾನು ನೋಡೋದು ಅದನ್ನೇ.

ಕಥೆ ಪೂರ್ತಿ ಬಿಚ್ಚಿ ಮಾತಾಡ್ತೀನಿ, ನೋಡದೇ ಇರೋರು ಇಲ್ಲೇ ನಿಲ್ಸಿ.

ಮೊದ್ಲು ಬ್ರೇಕಿಂಗ್ ಬ್ಯಾಡ್. 2008ರಿಂದ 2013ರ ತನಕ ಬಂತು, ಐದು ಸೀಸನ್, 62 ಎಪಿಸೋಡ್. ಅಮೆರಿಕದ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿ ಊರಲ್ಲಿ ಒಬ್ಬ ಕೆಮಿಸ್ಟ್ರಿ ಮೇಷ್ಟ್ರು, ವಾಲ್ಟರ್ ವೈಟ್, ಐವತ್ತು ವಯಸ್ಸು, ಶ್ವಾಸಕೋಶದ ಕ್ಯಾನ್ಸರ್, ಕೈಯಲ್ಲಿ ಕಾಸಿಲ್ಲ, ಮನೇಲಿ ಬಸುರಿ ಹೆಂಡ್ತಿ. ಹಳೇ ಸ್ಟೂಡೆಂಟ್ ಜೆಸ್ಸಿನ ಕಟ್ಕೊಂಡು ಡ್ರಗ್ಸ್ ತಯಾರ್ಸೋಕೆ ಇಳೀತಾನೆ. ಮೂರರಲ್ಲಿ ನೋಡೋರನ್ನ ಹಿಡಿದು ಕೂರ್ಸೋದ್ರಲ್ಲಿ ಇದಕ್ಕೆ ಸಾಟಿ ಇಲ್ಲ, ಒಂದು ಎಪಿಸೋಡ್ ಮುಗಿದ ತಕ್ಷಣ ಇನ್ನೊಂದು ಹಾಕದೇ ಇರೋಕೆ ಆಗಲ್ಲ. ಆದ್ರೆ ಒಳ್ಳೇದು ಕೆಟ್ಟದ್ದರ ವಿಷ್ಯಕ್ಕೆ ಬಂದ್ರೆ ಮೂರರಲ್ಲಿ ಅತಿ ಸ್ಪಷ್ಟವಾಗಿರೋದೂ ಇದೇ. ಯಾಕಂದ್ರೆ ಮೊದಲ ಸೀಸನ್ನಿನ ಐದನೇ ಎಪಿಸೋಡಲ್ಲೇ ಅವನ ಹಳೇ ಗೆಳೆಯರು, ಎಲಿಯಟ್ ಮತ್ತೆ ಗ್ರೆಚೆನ್, ಟ್ರೀಟ್‌ಮೆಂಟ್ ಖರ್ಚು ನಾವು ನೋಡ್ಕೋತೀವಿ ಅಂತಾರೆ, ಇವನು ಬೇಡ ಅಂತಾನೆ. ದುಡ್ಡಿನ ದಾರಿ ತೆರೆದಿತ್ತು, ಸ್ವಾಭಿಮಾನ ಅಡ್ಡ ಬಂತು. ಅಲ್ಲಿಂದ ಮುಂದೆ ಫ್ಯಾಮಿಲಿಗೋಸ್ಕರ ಅನ್ನೋ ಅವನ ಮಾತನ್ನ ನಂಬೋಕೆ ಕಾರಣವೇ ಉಳಿಯಲ್ಲ, ಆದ್ರೂ ನಾವು ನಂಬ್ತೀವಿ, ಸೀಸನ್‌ಗಟ್ಲೆ ನಂಬ್ತೀವಿ, ಕೊನೇ ಎಪಿಸೋಡಲ್ಲಿ ಅವನೇ ಹೆಂಡ್ತಿ ಮುಂದೆ ನಿಂತು ಎಲ್ಲಾ ನನಗೋಸ್ಕರ ಮಾಡ್ದೆ, ಅದು ನಂಗೆ ಇಷ್ಟ ಆಗ್ತಿತ್ತು ಅಂತ ಒಪ್ಕೊಳ್ಳೋ ತನಕ.

ಎರಡನೇ ಸೀಸನ್ನಿನ ಕೊನೆ ಹತ್ರ ಬರೋ ಜೇನ್ ಸೀನ್ ತಗೊಳ್ಳಿ. ಅದೇ ಎಪಿಸೋಡಲ್ಲಿ ವಾಲ್ಟ್ ತನ್ನ ಹಸುಗೂಸನ್ನ ಮಗ್ಗುಲಾಗಿ ಮಲಗ್ಸಿ ಬೆನ್ನಿಗೆ ಟವೆಲ್ ಸುತ್ತಿ ಇಡ್ತಾನೆ, ಹಾಲು ಕಕ್ಕಿದ್ರೆ ಉಸಿರು ಕಟ್ಟಬಾರ್ದು ಅಂತ. ಆಮೇಲೆ ಜೆಸ್ಸಿ ಮನೆಗೆ ಹೋಗ್ತಾನೆ, ಜೆಸ್ಸಿ ಮತ್ತೆ ಅವನ ಹುಡುಗಿ ಜೇನ್ ಇಬ್ರೂ ಹೆರಾಯಿನ್ ಮತ್ತಲ್ಲಿ ಮೈಮೇಲೆ ಎಚ್ಚರ ಇಲ್ದೆ ಬಿದ್ದಿರ್ತಾರೆ, ಇವನು ಜೆಸ್ಸಿನ ಅಲುಗಾಡ್ಸಿದಾಗ ಮಗ್ಗುಲಾಗಿದ್ದ ಜೇನ್ ಅಂಗಾತ ಆಗ್ತಾಳೆ, ವಾಂತಿ ಬರುತ್ತೆ, ಉಸಿರು ಕಟ್ಟುತ್ತೆ. ವಾಲ್ಟ್ ಮಂಚದ ಆ ಕಡೆಗೆ ಓಡ್ತಾನೆ, ಕೈ ಮುಂದೆ ಹೋಗುತ್ತೆ, ಅಲ್ಲೇ ನಿಲ್ಲುತ್ತೆ. ದುಡ್ಡಿಗೋಸ್ಕರ ಅವಳು ಅವನನ್ನ ಬ್ಲ್ಯಾಕ್‌ಮೇಲ್ ಮಾಡಿದ್ಲು, ಅವಳು ಹೋದ್ರೆ ಅವನಿಗೆ ಒಂದು ತಲೆನೋವು ಕಮ್ಮಿ. ಕಣ್ಣಲ್ಲಿ ನೀರು ಬರುತ್ತೆ, ಕೈ ಮಾತ್ರ ಮುಂದೆ ಹೋಗಲ್ಲ. ಏನ್ ಮಾಡಬೇಕು ಅಂತ ಅವನಿಗೆ ಗೊತ್ತಿತ್ತು, ಮನೇಲಿ ಮಗುಗೆ ಆಗ್ಲೇ ಮಾಡಿ ಬಂದಿದ್ದ. ಈ ಸೀನ್ ಎಷ್ಟ್ ಸಲ ನೋಡಿದ್ರೂ ನನ್ನ ಎದೆ ಹಿಂಡುತ್ತೆ, ಆದ್ರೆ ತಪ್ಪು ಯಾರ್ದು ಅಂತ ಕೇಳಿದ್ರೆ ಒಂದು ಕ್ಷಣವೂ ಯೋಚ್ನೆ ಮಾಡ್ಬೇಕಿಲ್ಲ.

ಬ್ರೇಕಿಂಗ್ ಬ್ಯಾಡ್‌ನಲ್ಲಿ ಗೊಂದಲ ಇರೋದು ವಾಲ್ಟ್‌ನಲ್ಲಿ ಅಲ್ಲ, ನೋಡೋ ನಮ್ಮಲ್ಲಿ. ಗಂಡನ ಸುಳ್ಳು ಕಂಡುಹಿಡಿದು ಮಕ್ಕಳನ್ನ ದೂರ ಇಡೋಕೆ ಒದ್ದಾಡೋ ಸ್ಕೈಲರ್ ಮೇಲೆ ಜನ ಎಷ್ಟು ದ್ವೇಷ ಕಾರಿದ್ರು ಅಂದ್ರೆ, ಆ ಪಾತ್ರ ಮಾಡಿದ ಆನಾ ಗನ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಅದರ ಬಗ್ಗೆ ಲೇಖನ ಬರೀಬೇಕಾಯ್ತು. ನನ್ನ ಜೊತೆ ಕೆಲಸ ಮಾಡೋರಲ್ಲೂ ಈಗ್ಲೂ ಅವಳದ್ದು ಬರೀ ಕಿರಿಕಿರಿ ಅನ್ನೋರು ಇದಾರೆ, ನಾನು ಪ್ರತಿ ಸಲ ಕೇಳೋದು ಒಂದೇ, ನಿಮ್ಮ ತಂಗಿ ಗಂಡ ಹೀಗೆ ಮಾಡಿದ್ರೆ ನೀವು ಯಾರ ಪರ ನಿಲ್ತಿದ್ರಿ?

ಇನ್ನು ಸೊಪ್ರಾನೋಸ್. 1999ರಿಂದ 2007, ಆರು ಸೀಸನ್, 86 ಎಪಿಸೋಡ್, ನ್ಯೂಜೆರ್ಸಿಯ ಮಾಫಿಯಾ ಬಾಸ್ ಟೋನಿ ಮನಸ್ಸಿಗೆ ಹುಷಾರಿಲ್ದೆ ಸೈಕಿಯಾಟ್ರಿಸ್ಟ್ ಹತ್ರ ಹೋಗೋ ಕಥೆ. ಶುರುವಲ್ಲಿ ನಿಧಾನ ಅನ್ಸುತ್ತೆ, ಬೇಜಾರಾಗಿ ಬಿಟ್ಟೋರು ತುಂಬಾ ಜನ ಇದಾರೆ. ಐದನೇ ಎಪಿಸೋಡ್ ತನಕ ತಾಳ್ಮೆ ಇಟ್ಕೊಳ್ಳಿ. ಮಗಳನ್ನ ಕಾಲೇಜ್ ತೋರ್ಸೋಕೆ ಕರ್ಕೊಂಡು ಹೋದ ಅಪ್ಪ, ದಾರೀಲಿ ಮಗಳು ನೀನು ಮಾಫಿಯಾನಾ ಅಂತ ನೇರವಾಗಿ ಕೇಳ್ತಾಳೆ, ಅಪ್ಪ ಅರ್ಧಂಬರ್ಧ ಒಪ್ಕೋತಾನೆ, ಇಬ್ರ ಮಧ್ಯೆ ಅಪರೂಪಕ್ಕೆ ಒಂದು ಸತ್ಯದ ಮಾತು ಆಗುತ್ತೆ, ಅದೇ ಟ್ರಿಪ್ಪಲ್ಲಿ ಹಳೇ ಪೊಲೀಸ್ ಮಾಹಿತಿದಾರನೊಬ್ಬ ಕಣ್ಣಿಗೆ ಬಿದ್ದು ಅವನ ಕತ್ತಿಗೆ ವೈರ್ ಬಿಗಿದು ತನ್ನ ಕೈಯಾರೆ ಸಾಯಿಸ್ತಾನೆ. ಅತ್ತ ಮನೇಲಿ ಹೆಂಡ್ತಿ ಕಾರ್ಮೆಲಾ ಪಾದ್ರಿ ಮುಂದೆ ಕೂತು, ಇದು ಪಾಪದ ದುಡ್ಡು ಅಂತ ಗೊತ್ತಿದ್ದೂ ಮನೆ ಒಳಗೆ ಬಿಟ್ಕೊಂಡಿದೀನಿ ಅಂತ ಅಳ್ತಾಳೆ.

ನನ್ನ ಲೆಕ್ಕದಲ್ಲಿ ಈ ಸೀರೀಸ್‌ನ ಅಸಲಿ ಕ್ಯಾರೆಕ್ಟರ್ ಟೋನಿಗಿಂತ ಕಾರ್ಮೆಲಾನೇ. ಮೂರನೇ ಸೀಸನ್‌ನಲ್ಲಿ ಅವಳು ಕ್ರಾಕೋವರ್ ಅನ್ನೋ ವಯಸ್ಸಾದ ಸೈಕಿಯಾಟ್ರಿಸ್ಟ್ ಹತ್ರ ಹೋಗ್ತಾಳೆ. ಅವ್ರು ಸುತ್ತಿ ಬಳಸಿ ಮಾತಾಡಲ್ಲ, ಮಕ್ಕಳನ್ನ ಕರ್ಕೊಂಡು ಆ ಮನೆ ಬಿಡು, ಆ ದುಡ್ಡು ರಕ್ತದ ದುಡ್ಡು, ನಿನ್ನಿಂದ ನಾನು ಫೀಸ್ ಕೂಡ ತಗೊಳಲ್ಲ, ಇನ್ಮೇಲೆ ನಂಗೆ ಯಾರೂ ಹೇಳ್ಲಿಲ್ಲ ಅಂತ ಮಾತ್ರ ನೀನು ಹೇಳೋ ಹಾಗಿಲ್ಲ ಅಂತಾರೆ. ಇಡೀ ಸೀರೀಸಲ್ಲಿ ಅಷ್ಟು ನೇರ ಮಾತು ಇನ್ಯಾರೂ ಆಡಲ್ಲ ಅನ್ಸುತ್ತೆ. ಅವಳು ಮನೆಗೆ ಬಂದು ಮಾಡೋದೇನು? ಗಂಡನ ಹತ್ರ ಹಟ ಹಿಡಿದು ಮಗಳ ಯೂನಿವರ್ಸಿಟಿಗೆ 50,000 ಡಾಲರ್ ದೇಣಿಗೆ ಕೊಡ್ಸೋಕೆ ಒಪ್ಸ್ತಾಳೆ. ಅವಳಿಗೆ ನೋವಿದೆ, ಭಕ್ತಿ ಇದೆ, ಮಕ್ಕಳ ಮೇಲೆ ನಿಜವಾದ ಪ್ರೀತಿ ಇದೆ, ಅದೆಲ್ಲ ಇದ್ದೂ ಬಿಟ್ಟು ಹೋಗಲ್ಲ. ಅವಳನ್ನ ಕೆಟ್ಟೋಳು ಅನ್ನೋಕೆ ನನ್ನ ಬಾಯಿ ಬರಲ್ಲ, ಯಾಕಂದ್ರೆ ಒಬ್ರಿಗೂ ಅವಳು ಕೈ ಎತ್ತಿ ಹೊಡೆದಿಲ್ಲ, ಒಳ್ಳೆಯೋಳು ಅನ್ನೋಕೂ ಬರಲ್ಲ. ಗಂಡನ ಲಂಚದ ದುಡ್ಡಲ್ಲಿ ಕಟ್ಟಿದ ಮನೇಲಿ ದಿನಾ ಪೂಜೆ ಮಾಡೋ ಹೆಂಗಸರನ್ನ ನಾವೆಲ್ಲ ನೋಡಿದೀವಲ್ವಾ, ಅವರಲ್ಲಿ ಎಷ್ಟೋ ಜನ ನಮಗೆ ಪ್ರೀತಿಯಿಂದ ಊಟ ಹಾಕಿರೋರೇ.

ಅದೇ ಸೀಸನ್ನಿನ ಇನ್ನೊಂದು ಎಪಿಸೋಡ್, ಟೋನಿಯ ಡಾಕ್ಟರ್ ಮೆಲ್ಫಿ ಮೇಲೆ ಅತ್ಯಾಚಾರ ಆಗುತ್ತೆ, ಸಾಕ್ಷ್ಯ ಇಡೋದ್ರಲ್ಲಿ ಪೊಲೀಸರು ಮಾಡಿದ ಎಡವಟ್ಟಿಂದ ಸಿಕ್ಕಿಬಿದ್ದೋನು ಆಚೆ ಬರ್ತಾನೆ. ಒಂದು ಮಾತು ಟೋನಿಗೆ ಹೇಳಿದ್ರೆ ಸಾಕು, ಆ ಮನುಷ್ಯ ಇರಲ್ಲ. ಏನೋ ಹೇಳೋಕಿದ್ಯಾ ಅಂತ ಟೋನಿನೇ ಕೇಳ್ತಾನೆ. ಅವಳು ಇಲ್ಲ ಅಂತಾಳೆ, ಅಷ್ಟೇ, ಸ್ಕ್ರೀನ್ ಕಪ್ಪಾಗುತ್ತೆ. ನಾನು ಹೇಳು ಹೇಳು ಅಂತ ಮನಸಲ್ಲೇ ಕೂಗ್ತಿದ್ದೆ, ನೋಡಿದೋರೆಲ್ಲ ಕೂಗಿರ್ತಾರೆ. ಕೊಲೆ ಆಗ್ಲಿ ಅಂತ ಆಸೆ ಪಡೋದು ನಾವು, ಬೇಡ ಅನ್ನೋದು ನೋವು ತಿಂದೋಳು. ಆ ಇಲ್ಲ ಅನ್ನೋ ಮಾತಿಗೆ ಇರೋ ಶಕ್ತಿ ಬ್ರೇಕಿಂಗ್ ಬ್ಯಾಡ್‌ನ ಯಾವ ಬಾಂಬ್ ಸೀನ್‌ಗೂ ಇಲ್ಲ.

ಈಗ ವೈರ್, ನನ್ನ ಓಟು ಇದಕ್ಕೇ. 2002ರಿಂದ 2008, ಐದು ಸೀಸನ್, 60 ಎಪಿಸೋಡ್, ಅಮೆರಿಕದ ಬಾಲ್ಟಿಮೋರ್ ನಗರದ ಪೊಲೀಸರು, ಡ್ರಗ್ಸ್ ಮಾರೋರ ಕಥೆ. ಬರೆದ ಡೇವಿಡ್ ಸೈಮನ್ ಅದೇ ಊರಿನ ಪೇಪರ್ ರಿಪೋರ್ಟರ್ ಆಗಿದ್ದೋರು, ಜೊತೆಗಿದ್ದ ಎಡ್ ಬರ್ನ್ಸ್ ಅಲ್ಲೇ ಪೊಲೀಸ್ ಡಿಟೆಕ್ಟಿವ್ ಆಗಿದ್ದು ಆಮೇಲೆ ಸ್ಕೂಲ್ ಮೇಷ್ಟ್ರಾದೋರು, ಅದಕ್ಕೇ ಇರ್ಬೇಕು ಪೊಲೀಸ್ ಸ್ಟೇಷನ್ ಆಗ್ಲಿ ಕ್ಲಾಸ್‌ರೂಮ್ ಆಗ್ಲಿ ಒಳಗೆ ಇದ್ದು ನೋಡ್ದಂಗೆ ಇರುತ್ತೆ. ಎಲ್ರೂ ಓಮರ್ ಬಗ್ಗೆ ಮಾತಾಡ್ತಾರೆ, ಡ್ರಗ್ಸ್ ಮಾರೋರನ್ನ ಮಾತ್ರ ದೋಚೋ ಕಳ್ಳ, ಬಾಯಲ್ಲಿ ಒಂದು ಕೆಟ್ಟ ಮಾತು ಬರಲ್ಲ. ಎರಡನೇ ಸೀಸನ್‌ನಲ್ಲಿ ಕೋರ್ಟಿಗೆ ಬಂದು ಒಬ್ಬ ಕೊಲೆಗಾರನ ವಿರುದ್ಧ ಸಾಕ್ಷಿ ಹೇಳ್ತಾನೆ, ಆ ಕೊಲೆನ ಅವನು ಕಣ್ಣಾರೆ ನೋಡಿದ್ನಾ ಅನ್ನೋದೇ ಡೌಟು, ಆದ್ರೆ ಶಿಕ್ಷೆ ಆಗೋದು ನಿಜವಾದ ಕೊಲೆಗಾರನಿಗೇ. ಚೆನ್ನಾಗಿದೆ, ಮಜಾ ಇದೆ. ಆದ್ರೂ ನನ್ನನ್ನ ನಿಜವಾಗಿ ಅಲ್ಲಾಡ್ಸಿದ್ದು ನಾಲ್ಕನೇ ಸೀಸನ್ನಿನ ರ್‍ಯಾಂಡಿ.

ರ್‍ಯಾಂಡಿ ಸಾಕುತಾಯಿ ಮನೇಲಿ ಬೆಳೀತಿರೋ ಹುಡುಗ, ಸ್ಕೂಲಲ್ಲಿ ಚಾಕ್ಲೇಟ್ ಮಾರಿ ಚೂರುಪಾರು ಕಾಸು ಮಾಡ್ಕೋತಾನೆ, ನಗ್ತಾ ಇರೋ ಮುಖ. ಒಂದು ತಪ್ಪಿಗೆ ಸ್ಕೂಲಲ್ಲಿ ಸಿಕ್ಕಿಹಾಕ್ಕೊಂಡಾಗ ಭಯಕ್ಕೆ ನಂಗೆ ಒಂದು ಕೊಲೆ ಬಗ್ಗೆ ಗೊತ್ತು ಅಂತಾನೆ. ಅವನ ಮೇಲೆ ಪ್ರೀತಿ ಇರೋ ಮೇಷ್ಟ್ರು ಪ್ರೆಜ್, ಮೊದ್ಲು ಪೊಲೀಸ್ ಆಗಿದ್ದೋನು, ನಂಬಿಕೆ ಇರೋ ಹಳೇ ಆಫೀಸರ್‌ಗೆ ಫೋನ್ ಮಾಡ್ತಾನೆ. ಆಫೀಸರ್ ವಿಷ್ಯನ ಒಳ್ಳೇ ಪೊಲೀಸ್ ಹುಡುಗ ಕಾರ್ವರ್‌ಗೆ ಒಪ್ಪಿಸ್ತಾನೆ. ಕಾರ್ವರ್ ತನ್ನ ಹಳೇ ಪಾರ್ಟ್ನರ್ ಹರ್ಕ್ ಕೈಗೆ ಕೊಡ್ತಾನೆ, ಹುಷಾರಾಗಿ ನೋಡ್ಕೊ ಅಂತ. ಕೊಲೆ ಕೇಸ್ ನೋಡೋ ಡಿಟೆಕ್ಟಿವ್‌ಗೆ ತಲುಪಬೇಕಾದ ಮೆಸೇಜ್ ತಲುಪಲ್ಲ. ಹರ್ಕ್ ತನ್ನ ಕೆಲಸದ ತಲೆಬಿಸಿಲಿ ವಿಚಾರಣೆ ಮಾಡ್ತಾ ಸಾಕ್ಷಿ ಯಾರು ಅನ್ನೋದನ್ನ ಎದುರಿಗಿರೋ ಕ್ರಿಮಿನಲ್‌ಗೆ ಗೊತ್ತಾಗೋ ಹಾಗೆ ಬಾಯಿ ಬಿಡ್ತಾನೆ. ಏರಿಯಾದಲ್ಲೆಲ್ಲ ಇವನು ಪೊಲೀಸ್ ಚಾಡಿಕೋರ ಅಂತ ಹೆಸ್ರಾಗುತ್ತೆ, ಹುಡುಗ್ರು ಹೊಡೀತಾರೆ, ಒಂದು ರಾತ್ರಿ ಮನೆಗೆ ಬೆಂಕಿ ಬೀಳುತ್ತೆ, ಸಾಕುತಾಯಿ ಸುಟ್ಟು ಆಸ್ಪತ್ರೆ ಸೇರ್ತಾಳೆ. ಕಾರ್ವರ್ ಓಡಾಡ್ತಾನೆ, ನಾನೇ ಸಾಕ್ಕೋತೀನಿ ಅಂತಾನೂ ಕೇಳ್ತಾನೆ, ಅನಾಥ ಮಕ್ಕಳನ್ನ ನೋಡ್ಕೊಳ್ಳೋ ಆಫೀಸಿನೋರು ಅದಕ್ಕೆ ತಿಂಗಳುಗಟ್ಲೆ ಪ್ರೊಸೀಜರ್ ಇದೆ ಅಂತಾರೆ. ಆಸ್ಪತ್ರೆ ಕಾರಿಡಾರಲ್ಲಿ ಕಾರ್ವರ್ ನಡ್ಕೊಂಡು ಹೋಗ್ತಿದ್ರೆ ಹಿಂದಿನಿಂದ ರ್‍ಯಾಂಡಿ ಕೂಗ್ತಾನೆ, ನೀವು ನನ್ನ ನೋಡ್ಕೋತೀರಾ ಸಾರ್ಜೆಂಟ್, ಪ್ರಾಮಿಸ್ ಮಾಡ್ತೀರಾ ಅಂತ. ಕೊನೆಗೆ ಅನಾಥ ಮಕ್ಕಳ ಹಾಸ್ಟೆಲಲ್ಲಿ ಬಿಟ್ಟು ಬಂದು ಕಾರಲ್ಲಿ ಕೂತು ಸ್ಟೀರಿಂಗ್ ಚಚ್ತಾನೆ.

ಇಲ್ಲಿ ಕೆಟ್ಟೋನು ಯಾರು ಹೇಳಿ ನೋಡೋಣ. ಬೆಂಕಿ ಹಚ್ಚಿದೋರು ಸರಿ, ಅವರನ್ನ ಬಿಟ್ಟು? ಪ್ರೆಜ್, ಕಾರ್ವರ್ ಮಾಡಿದ್ದೆಲ್ಲ ಒಳ್ಳೇದಾಗ್ಲಿ ಅಂತ್ಲೇ. ಹರ್ಕ್‌ಗೆ ಹುಡುಗನ ಮೇಲೆ ದ್ವೇಷ ಇಲ್ಲ, ಬರೀ ಅಸಡ್ಡೆ. ಆಫೀಸಿನೋರು ರೂಲ್ ಪಾಲ್ಸಿದ್ರು. ಎಲ್ಲಾ ಸೇರಿ ಒಂದು ಮಗುನ ಬಾಳು ಮುಗಿಸಿಬಿಟ್ರು. ಈ ತರದ್ದು ಬ್ರೇಕಿಂಗ್ ಬ್ಯಾಡ್‌ನಲ್ಲಿ ನಂಗೆ ಸಿಗ್ಲಿಲ್ಲ, ಅಲ್ಲಿ ಎಲ್ಲಾ ದಾರಿನೂ ವಾಲ್ಟ್ ಹತ್ರಾನೇ ಬಂದು ನಿಲ್ಲುತ್ತೆ. ಸೊಪ್ರಾನೋಸ್ ಇದಕ್ಕೆ ಹತ್ರ ಬರುತ್ತೆ, ಆದ್ರೆ ಅಲ್ಲಿರೋರಿಗೆಲ್ಲ ತಾವೇನು ಮಾಡ್ತಿದೀವಿ ಅಂತ ಚೆನ್ನಾಗಿ ಗೊತ್ತು, ಗೊತ್ತಿದ್ದೂ ಕಣ್ಣು ಮುಚ್ಕೋತಾರೆ. ವೈರ್‌ನಲ್ಲಿ ಕಣ್ಣು ಬಿಟ್ಟಿದ್ದೋರೂ ಉಳಿಸೋಕಾಗ್ಲಿಲ್ಲ, ನಂಗೆ ಜಾಸ್ತಿ ಸಂಕಟ ಕೊಡೋದು ಅದೇ.

ನೋಡೋ ಅನುಕೂಲದ ಬಗ್ಗೆ ಎರಡು ಮಾತು. ಮನೇಲಿ ದೊಡ್ಡೋರು ಮಕ್ಕಳ ಜೊತೆ ಕೂತು ನೋಡೋಕೆ ಮೂರೂ ಆಗಲ್ಲ, ಸೊಪ್ರಾನೋಸ್ ಅಂತೂ ಬೇಡವೇ ಬೇಡ. ವೈರ್‌ಗೆ ಸಬ್‌ಟೈಟಲ್ ಬೇಕೇ ಬೇಕು, ಬಾಲ್ಟಿಮೋರ್ ರಸ್ತೆ ಮಾತು ಇಂಗ್ಲಿಷ್ ಚೆನ್ನಾಗಿ ಬರೋರಿಗೂ ಹಿಡಿಯೋಕೆ ಕಷ್ಟ. ಹೊಸಬರಿಗೆ, ವೇಗ ಬೇಕು ಅನ್ನೋರಿಗೆ ಬ್ರೇಕಿಂಗ್ ಬ್ಯಾಡ್‌ನಿಂದ ಶುರು ಮಾಡಿ ಅಂತೀನಿ. ಮದುವೆ, ಸಂಸಾರ, ದುಡ್ಡು ಇವುಗಳ ಬಗ್ಗೆ ಯೋಚ್ನೆ ಮಾಡೋರಿಗೆ ಸೊಪ್ರಾನೋಸ್.

ವೈರ್‌ನ ನಾಲ್ಕನೇ ಸೀಸನ್ ಇಷ್ಟು ಹೊಗಳಿದೀನಿ ಅಂತ ನೇರ ಅಲ್ಲಿಗೇ ಹೋಗ್ಬೇಡಿ. ಮೊದಲ ಸೀಸನ್‌ನಲ್ಲಿ ಕಾರ್ವರ್, ಹರ್ಕ್ ಇಬ್ರೂ ಒಂದೇ ತರ, ರಸ್ತೆ ಹುಡುಗರಿಗೆ ಹೊಡೆಯೋದು ಬಡಿಯೋದು ಬಿಟ್ಟು ಬೇರೆ ಪೊಲೀಸ್ ಕೆಲಸ ಗೊತ್ತಿಲ್ಲದೋರು, ಅದ್ರಲ್ಲೂ ಕಾರ್ವರ್ ತನ್ನ ಟೀಮಿನ ಸುದ್ದಿನ ಮೇಲಿನೋರಿಗೆ ಮುಟ್ಸ್ತಿದ್ದೋನು. ಅದೇ ಕಾರ್ವರ್ ಐದನೇ ಸೀಸನ್‌ನಲ್ಲಿ, ತನ್ನ ಕೈಕೆಳಗಿನ ಪೊಲೀಸೊಬ್ಬ ಒಬ್ಬ ಸ್ಕೂಲ್ ಮೇಷ್ಟ್ರ ಮೇಲೆ ಕೈ ಮಾಡಿದಾಗ ಮುಚ್ಚಿಹಾಕದೆ ರಿಪೋರ್ಟ್ ಬರೀತಾನೆ, ಸ್ಟೇಷನ್ನಲ್ಲಿ ಎಲ್ರ ಕೆಂಗಣ್ಣಿಗೆ ಗುರಿ ಆಗ್ತೀನಿ ಅಂತ ಗೊತ್ತಿದ್ದೂ. ಅದು ಯಾವಾಗಿಂದ ಬದಲಾಯ್ತು ಅಂತ ನೀವೂ ನೋಡಿ ಹೇಳಿ, ನಾನು ಮೂರನೇ ಸೀಸನ್ನಿಂದ ಅಂತೀನಿ, ನನ್ನ ತಮ್ಮ ರ್‍ಯಾಂಡಿ ಆದ್ಮೇಲೆ ಅಂತಾನೆ.