ವಿನ್‌ಮೇಲ್.ಡ್ಯಾಟ್ ಗಂಟು ಬಿಚ್ಚುವ ಲುಕ್‌ಔಟ್: ಐದಕ್ಕೆ ನಾಲ್ಕು ಸ್ಟಾರ್

ಡೊಂಬಿವಲಿಯ ನಮ್ಮ ಸಂಘದ ಸ್ಮರಣ ಸಂಚಿಕೆಗೆ ಲೇಖನ ಒಟ್ಟು ಮಾಡುವ ಕೆಲಸ ಈ ಸಲ ನನ್ನ ಕೊರಳಿಗೆ ಬಿತ್ತು. ಎಲ್ಲರದ್ದೂ ಬಂತು. ಮುಂಬೈಯ ಬಿಕೆಸಿಯ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್) ಆಫೀಸಿನಿಂದ ಶೆಟ್ರು ಕಳಿಸಿದ ಮೇಲ್‌ನಲ್ಲಿ ಮಾತ್ರ ಲೇಖನವೂ ಇಲ್ಲ, ಫೋಟೋನೂ ಇಲ್ಲ, ವಿನ್‌ಮೇಲ್.ಡ್ಯಾಟ್ ಅನ್ನೋ ಒಂದೇ ಒಂದು ಫೈಲು. ಡಬಲ್ ಕ್ಲಿಕ್ ಮಾಡಿದರೆ ಇದನ್ನು ಯಾವುದರಲ್ಲಿ ತೆರೆಯಲಿ ಅಂತ ಕಂಪ್ಯೂಟರ್ ನನ್ನನ್ನೇ ಕೇಳುತ್ತದೆ. ಫೋನ್ ಮಾಡಿದೆ. "ಎಂತ ಮಾರಾಯ್ರೆ, ಮೂರು ಫೈಲ್ ಹಾಕಿದ್ದೇನೆ, ನನ್ನ ಸೆಂಟ್ ಫೋಲ್ಡರ್‌ನಲ್ಲಿ ಸರಿಯಾಗಿಯೇ ಕಾಣ್ತದಲ್ಲ" ಅಂದರು. ಮತ್ತೆ ಕಳಿಸಿದರು, ಮತ್ತೆ ಅದೇ ಬಂತು. ಮೂರನೇ ಸಲ ಅವರ ದನಿ ಸ್ವಲ್ಪ ಗರಂ ಆಗಿತ್ತು.

ಲ್ಯಾಪ್‌ಟಾಪ್ ಹಿಡಿದುಕೊಂಡು ಸ್ಟೇಷನ್ ಹತ್ತಿರದ ಒಂದು ರಿಪೇರಿ ಅಂಗಡಿಗೆ ಹೋದೆ. ಹುಡುಗ ಫೈಲಿನ ಹೆಸರಿನ ಕೊನೆಯಲ್ಲಿದ್ದ ಡ್ಯಾಟ್ ಅಳಿಸಿ ಡಾಕ್ಸ್ ಅಂತ ಬರೆದ, ವರ್ಡ್ ತೆರೆಯಲಿಲ್ಲ. ಪಿಡಿಎಫ್ ಅಂತ ಬರೆದ, ಅದೂ ಆಗಲಿಲ್ಲ. ಕೊನೆಗೆ "ವೈರಸ್ ಆಹೆ" (ವೈರಸ್ ಇದೆ) ಅಂದುಬಿಟ್ಟ, ಫಾರ್ಮ್ಯಾಟ್ ಮಾಡಬೇಕು, 800 ರೂಪಾಯಿ. ನಾನು ಸುಮ್ನೆ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.

ಅದು ವೈರಸ್ ಅಲ್ಲ, ಒಂದು ಗಂಟು. ಶೆಟ್ರ ಆಫೀಸಿನಲ್ಲಿರುವುದು ಮೈಕ್ರೋಸಾಫ್ಟ್‌ನ ಮೇಲ್ ಪ್ರೋಗ್ರಾಂ ಔಟ್‌ಲುಕ್, ಅದರ ಹಳೇ (ಕ್ಲಾಸಿಕ್) ರೂಪದಲ್ಲಿ ಮೇಲ್ ಬರೆಯುವುದಕ್ಕೆ ಎಚ್‌ಟಿಎಂಎಲ್, ಪ್ಲೇನ್ ಟೆಕ್ಸ್ಟ್, ರಿಚ್ ಟೆಕ್ಸ್ಟ್ ಅಂತ ಮೂರು ರೀತಿ ಇದೆ. ರಿಚ್ ಟೆಕ್ಸ್ಟ್‌ನಲ್ಲಿ ಹೊರಗಿನವರಿಗೆ ಕಳಿಸಿದರೆ ಅಕ್ಷರದ ಅಲಂಕಾರ, ಲೇಖನ, ಫೋಟೋ ಎಲ್ಲವನ್ನೂ ಟಿಎನ್‌ಇಎಫ್ ಅನ್ನೋ ಮೈಕ್ರೋಸಾಫ್ಟ್‌ನದ್ದೇ ಪದ್ಧತಿಯಲ್ಲಿ ಕಟ್ಟಿ ಕೊಡುತ್ತದೆ. ಆ ಕಡೆಯೂ ಔಟ್‌ಲುಕ್ ಇದ್ದರೆ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ, ಶೆಟ್ರಿಗೆ ಎಲ್ಲ ಸರಿಯಾಗಿ ಕಂಡದ್ದು ಅದಕ್ಕೇ. ಮೂರು ಫೈಲ್ ಒಳಗಿರುವ ಗಂಟಿಗೆ ಮೇಲಿಂದ ಹೆಸರು ಬದಲಿಸಿದರೆ ಏನು ಬಂತು?

ನಾನು ಮೇಲ್ ನೋಡುವುದು ಥಂಡರ್‌ಬರ್ಡ್ ಅನ್ನೋ ಇನ್ನೊಂದು ಮೇಲ್ ಪ್ರೋಗ್ರಾಂನಲ್ಲಿ. ಅದಕ್ಕೆ ಲುಕ್‌ಔಟ್ ಅಂತ ಒಂದು ಆಡ್-ಆನ್ (ಮೇಲಿಂದ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ) ಇದೆ, ದುಡ್ಡಿಲ್ಲ. (ಹೆಸರು ಔಟ್‌ಲುಕ್ ತಿರುಗಿಸಿಟ್ಟಿದ್ದು, ಇಟ್ಟವರಿಗೆ ಒಳ್ಳೆ ತಮಾಷೆ ಗೊತ್ತಿದೆ.) ಹುಡುಕುವಾಗ ಹೆಸರಿನ ಜೊತೆ ಫಿಕ್ಸ್ ವರ್ಷನ್ ಅಂತ ಇರುವುದನ್ನೇ ಹಾಕಿಕೊಳ್ಳಿ. ಬರೀ ಲುಕ್‌ಔಟ್ ಅಂತ ಇರುವುದು ಹಳೇದು, 2020ರಲ್ಲಿ ಬಂದ ಥಂಡರ್‌ಬರ್ಡ್ 78ರಿಂದ ಹಳೇ ಕಾಲದ ಆಡ್-ಆನ್‌ಗಳು ನಡೆಯುವುದಿಲ್ಲ. ಮೆನುವಿನಲ್ಲಿ ಆಡ್-ಆನ್ಸ್‌ಗೆ ಹೋಗಿ, ಹೆಸರು ಹುಡುಕಿ, ಸೇರಿಸು ಅಂದರೆ ಆಯಿತು, ಟೀ ಕುದಿಯುವಷ್ಟು ಹೊತ್ತೂ ಬೇಡ. ಮತ್ತೆ ಶೆಟ್ರ ಮೇಲ್ ಒತ್ತಿದೆ. ಕೆಳಗೆ ಒಂದು ಡ್ಯಾಟ್ ಇದ್ದ ಜಾಗದಲ್ಲಿ ಒಂದು ವರ್ಡ್ ಫೈಲು, ಎರಡು ಫೋಟೋ! ಒಂದರಲ್ಲಿ ಹೋದ ವರ್ಷದ ಯಕ್ಷಗಾನ, ಇನ್ನೊಂದರಲ್ಲಿ ಶೆಟ್ರೇ. ಬೇರೆ ಬಟನ್ ಒತ್ತುವುದಿಲ್ಲ, ಡೌನ್‌ಲೋಡ್ ಮಾಡಿ ಇನ್ನೆಲ್ಲೋ ತೆರೆಯುವುದಿಲ್ಲ, ನನಗೆ ಜಾಸ್ತಿ ಇಷ್ಟವಾದದ್ದು ಇದೇ.

ಇಂಥ ಫೈಲ್ ಬಿಚ್ಚಿಕೊಡುವ ವೆಬ್‌ಸೈಟುಗಳೂ ಇವೆ. ಯಕ್ಷಗಾನದ ಫೋಟೋ ಆದರೆ ಪರವಾಗಿಲ್ಲ, ಆದರೆ ಗಂಟಿನೊಳಗೆ ಆಧಾರ್ ಕಾರ್ಡೋ ಸಂಬಳದ ಚೀಟಿಯೋ ಇದ್ದರೆ? ಒಳಗೇನಿದೆ ಅಂತ ಬಿಚ್ಚುವ ಮೊದಲು ಗೊತ್ತಾಗುವುದಿಲ್ಲ ಅಲ್ವಾ. ಲುಕ್‌ಔಟ್ ನಮ್ಮ ಕಂಪ್ಯೂಟರಿನಲ್ಲೇ ಬಿಚ್ಚುತ್ತದೆ. ಮ್ಯಾಕ್ ಇರುವವರಿಗೆ ಟಿನೆಫ್ಸ್ ಇನಫ್ ಅನ್ನೋ ಪುಕ್ಕಟೆ ಆಪ್ ಇದೆ, ಲಿನಕ್ಸ್‌ನವರಿಗೆ ಟಿನೆಫ್ ಅನ್ನೋ ಕಮಾಂಡೇ ಇದೆ.

ಎಲ್ಲ ಡ್ಯಾಟ್ ಫೈಲೂ ಇದೇ ಗಂಟು ಅಂದುಕೊಳ್ಳಬೇಡಿ. ಕೆಲವು ಸಲ ಒಳ್ಳೆ ಫೈಲೇ ಹೆಸರಿನ ಬಾಲ (ಡಾಕ್ಸ್, ಪಿಡಿಎಫ್ ಅನ್ನೋದು) ಕಳೆದುಕೊಂಡು ಡ್ಯಾಟ್ ಆಗಿ ಬರುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ಶುರುವಿನ ಅಕ್ಷರ ನೋಡಿ. ಪಿಡಿಎಫ್ ಅಂತ ಇದ್ದರೆ ಅದು ಪಿಡಿಎಫ್ಫೇ. ಪಿಕೆ ಅಂತ ಇದ್ದರೆ ಜಿಪ್ (ಫೈಲುಗಳನ್ನು ಒತ್ತಿ ಕಟ್ಟಿದ್ದು), ಇಲ್ಲವೇ ಈಗಿನ ವರ್ಡ್, ಎಕ್ಸೆಲ್ ಫೈಲು, ಅವೂ ಒಳಗಿಂದ ಜಿಪ್ಪೇ. ಅಂಥದ್ದಕ್ಕೆ ಮಾತ್ರ ಅಂಗಡಿ ಹುಡುಗನ ಹೆಸರು ಬದಲಿಸುವ ವಿದ್ಯೆ ನಡೆಯುತ್ತದೆ.

ಒಂದು ಸ್ಟಾರ್ ಕತ್ತರಿಸಿದ್ದು ಯಾಕೆಂದರೆ ಇದು ಕಂಪ್ಯೂಟರಿಗೆ ಮಾತ್ರ. ಲೋಕಲ್ ರೈಲಿನಲ್ಲಿ ನಿಂತುಕೊಂಡು ಫೋನಿನಲ್ಲಿ ಮೇಲ್ ನೋಡುವ ನಮ್ಮಂಥವರು ಮನೆ ಸೇರುವವರೆಗೆ ಕಾಯಬೇಕು. ಮತ್ತೆ, ಇದು ಬಂದ ಗಂಟು ಬಿಚ್ಚುತ್ತದೆಯೇ ಹೊರತು ಕಟ್ಟುವವರನ್ನು ತಡೆಯುವುದಿಲ್ಲ.

ತಡೆಯಲು ಶೆಟ್ರನ್ನೇ ಫೋನಿನಲ್ಲಿ ಕೂರಿಸಿಕೊಂಡೆ. ಔಟ್‌ಲುಕ್‌ನಲ್ಲಿ ಫೈಲ್, ಆಪ್ಶನ್ಸ್, ಮೇಲ್, ಅಲ್ಲಿ ಎಚ್‌ಟಿಎಂಎಲ್ ಆರಿಸಿ ಅಂದೆ. "ಅದೇ ಉಂಟಲ್ಲ ಮಾರಾಯ್ರೆ!" ಅಂದರು. ಹೌದು, ಅದೇ ಇತ್ತು. ಹುಡುಕಿದರೆ ತಪ್ಪು ಸಿಕ್ಕಿದ್ದು ಅವರ ಕಾಂಟ್ಯಾಕ್ಟ್ಸ್‌ನಲ್ಲಿ, ನನ್ನ ಒಬ್ಬನ ವಿಳಾಸಕ್ಕೆ ಮಾತ್ರ ರಿಚ್ ಟೆಕ್ಸ್ಟ್‌ನಲ್ಲೇ ಕಳಿಸು ಅಂತ ಇತ್ತು. ಉಳಿದವರಿಗೆಲ್ಲ ಸರಿ ಹೋಗಿ ನನಗೊಬ್ಬನಿಗೇ ಡ್ಯಾಟ್ ಬರುತ್ತಿದ್ದದ್ದು ಹಾಗೆ. ಬದಲಾಯಿಸಿದರು. ರಾತ್ರಿ ಬಂದ ಮೇಲ್‌ನಲ್ಲಿ ಫೈಲುಗಳು ಬೇರೆ ಬೇರೆಯಾಗಿಯೇ ಇದ್ದವು, ಜೊತೆಗೆ ಇನ್ನೂ ನಾಲ್ಕು ಫೋಟೋ ಹಾಕಿದ್ದರು.