ಸಂಡೆ ಬಜಾರಿನ ಹಳೆಯ ತೋಪಡ, ಉಳಿ, ಡ್ರಿಲ್: ಯಾವುದನ್ನು ಕೊಳ್ಳಬಹುದು, ಯಾವುದನ್ನು ಬಿಡಬೇಕು

ಬೆಂಗಳೂರಿನ ಚಿಕ್ಕಪೇಟೆ ಪ್ರದೇಶದ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ನೆರೆಯುವ ಸಂಡೆ ಬಜಾರಿಗೆ ನಾನು ಆರು ವರ್ಷಗಳಿಂದ ಹೋಗುತ್ತಿದ್ದೇನೆ. ಹಳೆಯ ಬಟ್ಟೆ, ಚಪ್ಪಲಿ, ಗಡಿಯಾರ, ಕೆಟ್ಟ ಮಿಕ್ಸಿ, ಮೊಬೈಲಿನ ಬಿಡಿಭಾಗಗಳ ನಡುವೆ ಟಾರ್ಪಾಲಿನ ಮೇಲೆ ರಾಶಿ ಹಾಕಿರುವ ಸಲಕರಣೆಗಳನ್ನು ನೋಡುವುದಕ್ಕೆಂದೇ ಹೋಗುತ್ತೇನೆ. ಮನೆಯ ಬಾಗಿಲು, ಕಪಾಟು, ಮೇಜುಗಳ ಕೆಲಸವನ್ನು ನಾನೇ ಮಾಡಿಕೊಳ್ಳಬೇಕೆಂದು ಹೊರಟಾಗ ಕೈಯಲ್ಲಿ ಇದ್ದದ್ದು ಐದು ಸಾವಿರ ರೂಪಾಯಿ. ಅಷ್ಟರಲ್ಲಿ ಹೊಸ ಅಂಗಡಿಯಿಂದ ಒಂದು ಒಳ್ಳೆಯ ತೋಪಡವನ್ನೂ (ಮರವನ್ನು ತೆಳುವಾಗಿ ಹೆರೆದು ನಯ ಮಾಡುವ ಸಲಕರಣೆ) ನಾಲ್ಕು ಉಳಿಗಳನ್ನೂ ತಂದರೆ ಉಳಿದದ್ದಕ್ಕೆ ಹಣವೇ ಇರುತ್ತಿರಲಿಲ್ಲ. ಇಂದು ನನ್ನ ಪೆಟ್ಟಿಗೆಯಲ್ಲಿರುವ ಕೈ ಸಲಕರಣೆಗಳಲ್ಲಿ ಮುಕ್ಕಾಲು ಪಾಲು ಈ ಬಜಾರಿನವು. ಕರೆಂಟಿನಿಂದ ನಡೆಯುವ ಯಂತ್ರಗಳಲ್ಲಿ ಮಾತ್ರ ಒಂದೂ ಇಲ್ಲಿಯದಲ್ಲ. ಈ ಬಜಾರಿನ ಬಗ್ಗೆ ನನ್ನ ಅಭಿಪ್ರಾಯವೂ ಅದೇ: ಕೈಯಿಂದ ನಡೆಯುವ ಸಲಕರಣೆಗೆ ಇದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ, ಮೋಟಾರ್ ಇರುವ ಸಲಕರಣೆಗೆ ಇಲ್ಲಿ ದುಡ್ಡು ಹಾಕಬಾರದು.

ಬೆಂಗಳೂರಿನ ಗುಜರಿಯಲ್ಲಿ ಒಳ್ಳೆಯ ಹತಾರಗಳು ಸಿಗುವುದರಲ್ಲಿ ಆಶ್ಚರ್ಯವಿಲ್ಲ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, ಹೀಗೆ ದೊಡ್ಡ ಕಾರ್ಖಾನೆಗಳು ಇದೇ ಊರಿನಲ್ಲಿ ಆರಂಭವಾದವು. ಅವುಗಳ ಸುತ್ತ, ಮುಂದೆ ಪೀಣ್ಯದಲ್ಲಿ, ಸಣ್ಣ ಕಾರ್ಖಾನೆಗಳು ಬೆಳೆದವು. ಫಿಟ್ಟರ್, ಟರ್ನರ್, ಎರಕದ ಅಚ್ಚಿಗೆ ಮರದ ಮಾದರಿ ಮಾಡುವ ಪ್ಯಾಟರ್ನ್ ಕೆಲಸದ ಬಡಗಿಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಬದುಕಿದ ಊರಿನಲ್ಲಿ ಅವರು ಸಂಬಳದಲ್ಲಿ ಉಳಿಸಿ ಕೊಂಡ ಸಲಕರಣೆಗಳೂ ಇದ್ದೇ ಇರುತ್ತವೆ. ಆ ಮನೆಗಳ ಮುಂದಿನ ತಲೆಮಾರಿಗೆ ಅವು ಬೇಡವಾದಾಗ ಗುಜರಿಯ ದಾರಿ ಹಿಡಿಯುತ್ತವೆ. ನನ್ನ ಬಳಿಯಿರುವ ಒಂದು ಅರ್ಧ ಇಂಚಿನ ಉಳಿಯ ಹಿಡಿಯ ಮೇಲೆ ಕಾಯಿಸಿದ ಮೊಳೆಯಿಂದ ಸುಟ್ಟು ಬರೆದ ಎರಡು ಕನ್ನಡ ಅಕ್ಷರಗಳಿವೆ. ಹಿಡಿಯನ್ನು ಉಜ್ಜಿ ಎಣ್ಣೆ ಹಚ್ಚಿದಾಗಲೂ ಆ ಅಕ್ಷರಗಳನ್ನು ನಾನು ಅಳಿಸಿಲ್ಲ.

ತೋಪಡದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಬಜಾರಿನಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಬೆಲೆ ಮರಳಿಸುವ ವಸ್ತು ಅದೇ. ಇಲ್ಲಿ ಸಿಗುವ ಕಬ್ಬಿಣದ ತೋಪಡಗಳಲ್ಲಿ ಬಹುಪಾಲು ಸ್ಟ್ಯಾನ್ಲಿ ಕಂಪನಿಯ ಬೈಲಿ ಮಾದರಿಯವು. ಅದೇ ಮಾದರಿಯನ್ನು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ರೆಕಾರ್ಡ್ ಕಂಪನಿ ತಯಾರಿಸುತ್ತಿತ್ತು, ನಮ್ಮಲ್ಲಿ ಅನಂತ್ ಹೆಸರಿನ ತೋಪಡಗಳು ಬಂದವು. ನಾಲ್ಕನೇ ನಂಬರಿನದು, ಅಂದರೆ ಎರಡು ಇಂಚು ಅಗಲದ ಅಲಗಿನದು, ಮನೆಗೆಲಸಕ್ಕೆ ಸಾಕು. ಮೂರು ವರ್ಷಗಳ ಹಿಂದೆ ಒಂದು ರಾಶಿಯ ಅಡಿಯಲ್ಲಿ, ತುಕ್ಕಿನ ನಡುವೆ ಅಲ್ಲಲ್ಲಿ ನೀಲಿ ಬಣ್ಣ ಉಳಿದಿದ್ದ ಒಂದು ರೆಕಾರ್ಡ್ ತೋಪಡ ಕಣ್ಣಿಗೆ ಬಿತ್ತು. "ಇಂಗ್ಲೆಂಡ್ ಮಾಲು ಸಾರ್, ಈಗ ಹುಡುಕಿದ್ರೂ ಸಿಗಲ್ಲ" ಎಂದು ಮಾರುವವರು 1,200 ರೂಪಾಯಿ ಹೇಳಿದರು. 650ಕ್ಕೆ ಒಪ್ಪಂದವಾಯಿತು.

ಕೊಳ್ಳುವ ಮುನ್ನ ನಾನು ನೋಡುವುದು ಮೂರೇ ವಿಷಯ. ಮೊದಲನೆಯದು ಬಿರುಕು: ಅಲಗು ಹೊರಬರುವ ಬಾಯಿಯ ಎರಡೂ ಮೂಲೆಗಳನ್ನು ಉಗುರಿನಿಂದ ಗೀರಿ ನೋಡಬೇಕು, ಅಲಗನ್ನು ತೆಗೆದು ಬರಿಯ ದೇಹವನ್ನು ಎರಡು ಬೆರಳಿನಲ್ಲಿ ತೂಗುಹಾಕಿ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಬೇಕು, ಗಟ್ಟಿ ಎರಕ ಗಂಟೆಯಂತೆ ನಾದ ಕೊಡುತ್ತದೆ, ಬಿರುಕು ಬಿಟ್ಟದ್ದು ಒಡೆದ ಮಡಕೆಯಂತೆ ಸದ್ದು ಮಾಡುತ್ತದೆ. ಎರಡನೆಯದು ಅಲಗಿನ ಉಳಿದ ಉದ್ದ: ನಡುವಿನ ಸೀಳಿಗೂ ಅಂಚಿಗೂ ನಡುವೆ ಒಂದು ಇಂಚಾದರೂ ಉಕ್ಕು ಇರಬೇಕು. ಮೂರನೆಯದು ಅಲಗಿನ ಬೆನ್ನು, ಅಂದರೆ ಇಳಿಜಾರಿಲ್ಲದ ಚಪ್ಪಟೆ ಮುಖ. ಮೇಲ್ಮೈಯ ತುಕ್ಕು ಎಷ್ಟಿದ್ದರೂ ಹೋಗುತ್ತದೆ, ಆದರೆ ಅಂಚಿನ ಹತ್ತಿರ ಬೆನ್ನಿನ ಕಡೆ ತುಕ್ಕು ತಿಂದು ಗುಳಿ ಬಿದ್ದಿದ್ದರೆ ಸಾಣೆ ಹಿಡಿದಷ್ಟೂ ಆ ಗುಳಿಗಳು ಅಂಚಿಗೆ ಬಂದು ಗರಗಸದ ಹಲ್ಲಿನಂತೆ ಮರವನ್ನು ಗೀರುತ್ತವೆ. ಹಿಡಿ ಒಡೆದಿದ್ದರೆ ಚಿಂತಿಸಬೇಕಿಲ್ಲ, ತೇಗ ಅಥವಾ ಬೀಟೆಯ ತುಂಡಿನಿಂದ ಒಂದು ಮಧ್ಯಾಹ್ನದಲ್ಲಿ ಹೊಸದನ್ನು ಮಾಡಿಕೊಳ್ಳಬಹುದು.

ಮನೆಗೆ ತಂದ ಮೇಲೆ ಎಲ್ಲ ತಿರುಪುಗಳಿಗೂ ಡೀಸೆಲ್ ಹಾಕಿ ಒಂದು ರಾತ್ರಿ ಬಿಟ್ಟೆ. ಸ್ಕ್ರೂಡ್ರೈವರಿನ ತುದಿ ತಿರುಪಿನ ಸೀಳಿಗೆ ಪೂರ್ತಿ ಕೂರದಿದ್ದರೆ ಸೀಳು ಹಾಳಾಗುತ್ತದೆ, ಅದನ್ನು ಮತ್ತೆ ಹೊಂದಿಸುವುದು ಕಷ್ಟ. ಅದಕ್ಕಾಗಿ ಒಂದು ಅಗ್ಗದ ಸ್ಕ್ರೂಡ್ರೈವರಿನ ತುದಿಯನ್ನೇ ಅರದಿಂದ ಉಜ್ಜಿ ಅಳತೆಗೆ ತಂದುಕೊಂಡೆ. ಬಿಚ್ಚಿದ ಕಬ್ಬಿಣದ ಭಾಗಗಳನ್ನು ಕಿರಾಣಿ ಅಂಗಡಿಯ ನಿಂಬೆ ಉಪ್ಪು ಕಲಸಿದ ನೀರಿನಲ್ಲಿ, ಲೀಟರಿಗೆ ಸುಮಾರು 50 ಗ್ರಾಂ ಲೆಕ್ಕದಲ್ಲಿ ನೆನೆಹಾಕಿ, ಅರ್ಧ ಗಂಟೆಗೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ರಾತ್ರಿಯಿಡೀ ನೆನೆಸುವವರಿದ್ದಾರೆ, ಅದು ತಪ್ಪು: ತುಕ್ಕು ಮುಗಿದ ಮೇಲೆ ಆಮ್ಲ ಕಬ್ಬಿಣವನ್ನೇ ತಿನ್ನಲು ತೊಡಗಿ ಮೇಲ್ಮೈ ಬೂದು ಬಣ್ಣಕ್ಕೆ ತಿರುಗುತ್ತದೆ. ಹೊರತೆಗೆದ ಕೂಡಲೇ ಅಡುಗೆ ಸೋಡಾದ ನೀರಿನಲ್ಲಿ ಅದ್ದಿ, ಬಟ್ಟೆಯಿಂದ ಒರೆಸಿ, ಬಿಸಿಲಿಗಿಟ್ಟು ಎಣ್ಣೆ ಹಚ್ಚದಿದ್ದರೆ ಹತ್ತು ನಿಮಿಷದಲ್ಲಿ ಹೊಸ ತುಕ್ಕಿನ ಕೆಂಪು ಪೊರೆ ಕಾಣಿಸಿಕೊಳ್ಳುತ್ತದೆ.

ತಳವನ್ನು ಸಮ ಮಾಡಲು ದಪ್ಪ ಗಾಜಿನ ಹಲಗೆಯ ಮೇಲೆ 80 ನಂಬರಿನ ಎಮರಿ ಶೀಟ್ ಅಂಟಿಸಿ, ತಳದ ತುಂಬ ಮಾರ್ಕರಿನಿಂದ ಅಡ್ಡಗೆರೆಗಳನ್ನು ಎಳೆದು ಉಜ್ಜಿದೆ. ಮುಂದಿನ ತುದಿ, ಬಾಯಿಯ ಮುಂಭಾಗ, ಹಿಂದಿನ ತುದಿ, ಈ ಮೂರು ಕಡೆ ಗೆರೆ ಅಳಿದರೆ ಸಾಕು, ತಳವೆಲ್ಲ ಕನ್ನಡಿಯಾಗಬೇಕೆಂದು ಉಜ್ಜುವುದು ವ್ಯರ್ಥ ಶ್ರಮ. ಅಲಗಿನ ಬೆನ್ನನ್ನು ಅಂಚಿನ ಕಡೆ ಸ್ವಲ್ಪ ಅಗಲಕ್ಕೆ ಮಾತ್ರ ಚಪ್ಪಟೆ ಮಾಡಿ, ಇಳಿಜಾರನ್ನು ಸಾಣೆಕಲ್ಲಿನ ಮೇಲೆ ಎಣ್ಣೆ ಬಿಟ್ಟು ಹಿಡಿದೆ. ಕೋನ ಅಳೆಯುವ ಸಾಧನ ಇಲ್ಲದಿದ್ದರೆ ಒಂದು ಲೆಕ್ಕ ನೆನಪಿಡಬಹುದು: ಇಳಿಜಾರಿನ ಉದ್ದ ಅಲಗಿನ ದಪ್ಪದ ಎರಡರಷ್ಟಿದ್ದರೆ ಅದು 30 ಡಿಗ್ರಿ. ಬೆನ್ನಿನ ಕಡೆ ಬೆರಳು ಸವರಿದಾಗ ಅಂಚಿನುದ್ದಕ್ಕೂ ಕೂದಲೆಳೆಯಷ್ಟು ತರಿ ತಾಕಿದರೆ ಅಂಚು ಬಂದಿದೆ ಎಂದರ್ಥ. ಆ ತರಿಯನ್ನು ಚರ್ಮದ ಪಟ್ಟಿಯ ಮೇಲೆ ಎಳೆದು ತೆಗೆಯಬೇಕು. ಎರಡು ಭಾನುವಾರಗಳ ಕೆಲಸದ ನಂತರ ಮಳೆಗಾಲದಲ್ಲಿ ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿದ್ದ ನಮ್ಮ ಮನೆಯ ಹಲಸಿನ ಬಾಗಿಲಿನ ಅಂಚಿಗೆ ಆ ತೋಪಡ ಹಾಕಿದೆ. ಆಚೆಯ ಬೆಳಕು ಕಾಣುವಷ್ಟು ತೆಳುವಾದ ಹಳದಿ ಹೊಪ್ಪಳಿಕೆ ಬಾಯಿಯಿಂದ ಸುರುಳಿಯಾಗಿ ಮೇಲೆ ಬಂತು. ಹಳೆಯ ಎರಕ, ಹಳೆಯ ಉಕ್ಕು ಎಷ್ಟು ಒಳ್ಳೆಯದು ಎಂಬುದು ನನಗೆ ಕೈಯಾರೆ ಗೊತ್ತಾದದ್ದು ಆಗ.

ಉಳಿಗಳಲ್ಲಿ ಎಚ್ಚರ ಬೇಕಾದದ್ದು ಹದದ, ಅಂದರೆ ಕಾಯಿಸಿ ಉಕ್ಕಿಗೆ ಕೊಟ್ಟ ಗಡಸುತನದ ವಿಷಯದಲ್ಲಿ. ಹಿಂದಿನವರು ಗ್ರೈಂಡರಿಗೆ ಒತ್ತಿ ಹಿಡಿದು ಅಂಚು ನೀಲಿಯಾಗಿದ್ದರೆ ಅಲ್ಲಿನ ಹದ ಹೋಗಿರುತ್ತದೆ. ಆ ಭಾಗವನ್ನು ಪೂರ್ತಿ ಸವೆಸುವವರೆಗೆ ಅಂಚು ನಿಲ್ಲುವುದಿಲ್ಲ. ನಾನು ಜೇಬಿನಲ್ಲಿ ಒಂದು ಸಣ್ಣ ಅರ ಇಟ್ಟುಕೊಂಡು ಹೋಗುತ್ತೇನೆ. ಮಾರುವವರನ್ನು ಕೇಳಿ ಅಂಚಿನ ಮೂಲೆಯ ಮೇಲೆ ಮೆಲ್ಲಗೆ ಎಳೆದರೆ, ಹದವಿರುವ ಉಕ್ಕಿನ ಮೇಲೆ ಅರ ಜಾರುತ್ತದೆ, ಮೆತ್ತಗಿನದನ್ನು ಕಚ್ಚುತ್ತದೆ. ಬೆಂಚ್ ವೈಸ್ ಕೊಳ್ಳುವುದಾದರೆ ದವಡೆಗಿಂತ ಒಳಗಿನ ದೊಡ್ಡ ತಿರುಪನ್ನೂ ಅದರ ನಟ್ಟನ್ನೂ ನೋಡಬೇಕು. ಎರಕಕ್ಕೆ ವೆಲ್ಡಿಂಗ್ ಮಾಡಿ ಬಣ್ಣ ಬಳಿದದ್ದನ್ನು ಎಷ್ಟು ಅಗ್ಗವಾದರೂ ಮುಟ್ಟಬಾರದು. ಸ್ಪ್ಯಾನರುಗಳಲ್ಲಿ ಹಳೆಯ ಜಲಾನಿ, ಟಪಾರಿಯಾ ಸಿಕ್ಕರೆ ಬಾಯಿ ಅಗಲವಾಗಿಲ್ಲವೆಂದು ಒಂದು ಹೊಸ ಬೋಲ್ಟ್ ಹಾಕಿ ಖಚಿತಪಡಿಸಿಕೊಂಡ ಮೇಲೆ ಕೊಳ್ಳಬಹುದು, ಆದರೆ ಹೆಸರಿನಲ್ಲಿ ಒಂದಕ್ಷರ ಬದಲಿಸಿದ ನಕಲಿಗಳೂ ಅದೇ ರಾಶಿಯಲ್ಲಿರುತ್ತವೆ. ಅರ, ಹ್ಯಾಕ್ಸಾ ಬ್ಲೇಡ್, ಡ್ರಿಲ್ ಬಿಟ್‌ಗಳನ್ನು ಮಾತ್ರ ಹಳೆಯದು ಕೊಳ್ಳಲೇಬಾರದು. ಸವೆದ ಅರಕ್ಕೆ ಮತ್ತೆ ಹಲ್ಲು ಬರುವುದಿಲ್ಲ. ಹೊಸ ಅರ ದುಬಾರಿಯೂ ಅಲ್ಲ.

ಕರೆಂಟಿನ ಸಲಕರಣೆಗಳಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಮೊದಲ ವರ್ಷ ಇಲ್ಲಿ 700 ರೂಪಾಯಿಗೆ ಒಂದು ನಾಲ್ಕು ಇಂಚಿನ ಆಂಗಲ್ ಗ್ರೈಂಡರ್ ಕೊಂಡೆ. ರಸ್ತೆಯ ಮೇಲೆ ಕರೆಂಟ್ ಇಲ್ಲದ ಕಾರಣ ಓಡಿಸಿ ನೋಡುವ ಮಾತೇ ಇರಲಿಲ್ಲ, "ಗ್ಯಾರಂಟಿ ಸಾರ್, ಓಡದಿದ್ರೆ ಮುಂದಿನ ವಾರ ತನ್ನಿ" ಎಂಬ ಮಾತನ್ನು ನಂಬಿದೆ. ಮನೆಯಲ್ಲಿ ಪ್ಲಗ್ ಹಾಕಿದ ಅರ್ಧ ನಿಮಿಷಕ್ಕೆ ಹಿಂದಿನ ಜಾಲರಿಯಿಂದ ನೀಲಿ ಕಿಡಿಯ ಬಳೆ ಕಾಣಿಸಿತು, ಜೊತೆಗೆ ವಾರ್ನಿಷ್ ಸುಟ್ಟ ವಾಸನೆ ಬಂತು. ಆರ್ಮೇಚರ್, ಅಂದರೆ ಮೋಟಾರಿನೊಳಗೆ ತಿರುಗುವ, ತಂತಿ ಸುತ್ತಿದ ಭಾಗ ಹೋಗಿತ್ತು. ರಿವೈಂಡಿಂಗ್ ಅಂಗಡಿಯಲ್ಲಿ ಹೇಳಿದ ಕೂಲಿ, ಹೊಸ ಬೇರಿಂಗ್, ಕಾರ್ಬನ್ ಬ್ರಷ್ ಎಲ್ಲ ಸೇರಿಸಿದರೆ ಹೊಸ ಗ್ರೈಂಡರಿನ ಬೆಲೆಗೆ ಹತ್ತಿರ ಬರುತ್ತಿತ್ತು. ಮುಂದಿನ ಭಾನುವಾರ ಆ ಜಾಗದಲ್ಲಿ ಬೇರೆಯವರು ಚಪ್ಪಲಿ ಮಾರುತ್ತಿದ್ದರು.

ಕೈ ಸಲಕರಣೆಯಲ್ಲಿ ದೋಷವೆಲ್ಲ ಕಣ್ಣಿಗೆ ಕಾಣುತ್ತದೆ, ಕೈಗೆ ತಾಕುತ್ತದೆ, ಮೋಟಾರಿನಲ್ಲಿ ಅದು ತಾಮ್ರದ ಸುತ್ತಿನ ಒಳಗೆ ಅಡಗಿರುತ್ತದೆ. ಆದ್ದರಿಂದ ಹಳೆಯ ಯಂತ್ರವೇ ಬೇಕೆಂದರೆ ರಿಪೇರಿ ಅಂಗಡಿಯವರಿಂದ, ಎದುರಿಗೆ ಭಾರ ಹಾಕಿ ಓಡಿಸಿ ತೋರಿಸುವವರಿಂದ ಕೊಳ್ಳಬೇಕು. ಡ್ರಿಲ್ಲಿನಲ್ಲಿ ಬಿಟ್ ಹಿಡಿಯುವ ಚಕ್ಕನ್ನು ಹಿಡಿದು ಅಲುಗಿಸಿದಾಗ ಆಟವಿದ್ದರೆ ಬೇರಿಂಗ್ ಸವೆದಿದೆ. ಕಾರ್ಬನ್ ಬ್ರಷ್ ಸವೆದಿರುವುದು ದೋಷವಲ್ಲ, ಅದು ಸವೆಯಲೆಂದೇ ಇರುವ ಭಾಗ. ಆದರೆ ಬ್ರಷ್ ಕೂರುವ ತಾಮ್ರದ ಪಟ್ಟಿಗಳು ಕಪ್ಪಾಗಿ ಗುಳಿ ಬಿದ್ದಿದ್ದರೆ ಯಂತ್ರವನ್ನು ಬಿಟ್ಟುಬಿಡಬೇಕು. ಬೇರೆಲ್ಲಕ್ಕಿಂತ ಮುಖ್ಯವಾಗಿ, ಆ ಮಾದರಿಯ ಬಿಡಿಭಾಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ನಿಮ್ಮ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೋ ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಬಾಷ್, ಮಕಿಟಾ, ಕೆಪಿಟಿ ಯಂತ್ರಗಳ ಸಾಮಾನ್ಯ ಮಾದರಿಗಳನ್ನು ನಾನು ಶಿಫಾರಸು ಮಾಡುವುದು ಈ ಒಂದು ಕಾರಣಕ್ಕೆ. ಹೆಸರೇ ಕೇಳದ ಅಗ್ಗದ ಡ್ರಿಲ್ಲಿನ ಸ್ವಿಚ್ ಕೆಟ್ಟರೆ ಇಡೀ ಯಂತ್ರವೇ ಕಸ.

ಬಜಾರಿನಲ್ಲಿ ಆಗಾಗ ಹಳೆಯ ರ‍್ಯಾಲಿವುಲ್ಫ್‌ನಂತಹ ಲೋಹದ ಮೈಯ ಡ್ರಿಲ್‌ಗಳು ಕಾಣುತ್ತವೆ. ಅವು ಗಟ್ಟಿಮುಟ್ಟು, ನೋಡಿದರೆ ಆಸೆಯಾಗುತ್ತದೆ. ಆದರೆ ಇಂದಿನ ಪ್ಲಾಸ್ಟಿಕ್ ಮೈಯ ಯಂತ್ರಗಳಲ್ಲಿರುವ ಎರಡು ಪದರದ ರಕ್ಷಣೆ, ಅಂದರೆ ಹೆಸರಿನ ಪಟ್ಟಿಯಲ್ಲಿ ಚೌಕದೊಳಗೆ ಚೌಕವಾಗಿ ಮುದ್ರಿಸಿರುವ ಗುರುತಿನದು, ಅವುಗಳಲ್ಲಿ ಇರುವುದಿಲ್ಲ. ಮೂರು ತಂತಿಯ ವೈರ್ ತೆಗೆದು ಯಾರೋ ಎರಡು ಪಿನ್ನಿನ ಪ್ಲಗ್ ಹಾಕಿರುತ್ತಾರೆ. ಒಳಗೆ ಎಲ್ಲಾದರೂ ಕರೆಂಟ್ ಸೋರಿದರೆ ಹಿಡಿದ ಕೈಗೇ ಶಾಕ್. ಎಲೆಕ್ಟ್ರಿಷಿಯನ್ನರಿಂದ ಅರ್ಥಿಂಗ್ ಸರಿಪಡಿಸಿಕೊಳ್ಳದೆ ಅವನ್ನು ಒಮ್ಮೆಯೂ ಓಡಿಸಬಾರದು. ಹಾಗೆಯೇ ರಾಶಿಯಲ್ಲಿರುವ ಗ್ರೈಂಡರ್ ಡಿಸ್ಕ್‌ಗಳನ್ನು ಬಿಟ್ಟಿಯಾಗಿ ಕೊಟ್ಟರೂ ತರಬಾರದು: ಅವುಗಳಿಗೆ ಅವಧಿ ಇದೆ, ನೀರು ಕುಡಿದ ಡಿಸ್ಕ್ ಓಡುವಾಗ ಸಿಡಿಯಬಹುದು. ಡಿಸ್ಕಿನ ಮೇಲೆ ಬರೆದ ವೇಗದ ಮಿತಿ ಯಂತ್ರದ ವೇಗಕ್ಕಿಂತ ಕಡಿಮೆ ಇರಬಾರದು, ಗಾರ್ಡ್ ಇಲ್ಲದ ಗ್ರೈಂಡರನ್ನು ಹಿಡಿಯಲೇಬಾರದು.

ಇನ್ನೊಂದು ಮಾತನ್ನು ಹೇಳದಿದ್ದರೆ ಈ ವಿಮರ್ಶೆ ಪ್ರಾಮಾಣಿಕವಾಗುವುದಿಲ್ಲ. ಸೀರಿಯಲ್ ನಂಬರಿನ ಪಟ್ಟಿಯನ್ನು ಕೆರೆದು ತೆಗೆದ, ಹೊಚ್ಚಹೊಸದಾಗಿ ಕಾಣುವ ಯಂತ್ರಗಳೂ ಬಜಾರಿನಲ್ಲಿ ಕೆಲವೊಮ್ಮೆ ಕಣ್ಣಿಗೆ ಬೀಳುತ್ತವೆ. ಕಟ್ಟಡದ ಕೆಲಸದವರಿಗೆ ಒಂದು ಡ್ರಿಲ್ ಕಳೆದುಹೋಗುವುದೆಂದರೆ ಅಂದಿನ ಕೂಲಿಯೇ ಹೋದಂತೆ. ಅಂಥದ್ದನ್ನು ಎಷ್ಟೇ ಅಗ್ಗಕ್ಕೆ ಹೇಳಿದರೂ ನಾನು ಕೈಗೆತ್ತಿಕೊಳ್ಳುವುದಿಲ್ಲ. ನನಗೆ ಪರಿಚಯವಾಗಿರುವ ವ್ಯಾಪಾರಿಗಳಲ್ಲಿ ಬಹಳ ಮಂದಿ ಮನೆಮನೆ ತಿರುಗಿ ಗುಜರಿ ಕೊಳ್ಳುವವರು. ವಸ್ತು ಯಾವ ಬಡಾವಣೆಯಿಂದ ಬಂತು ಎಂದು ಕೇಳಿದರೆ ಸಂಕೋಚವಿಲ್ಲದೆ ಹೇಳುತ್ತಾರೆ. ಅವರ ಬಳಿ ಹೇಳಿದ ಬೆಲೆಯ ಅರ್ಧದಿಂದ ಚೌಕಾಸಿ ಶುರುಮಾಡಿದರೆ ಯಾರೂ ಬೇಸರಪಡುವುದಿಲ್ಲ. ಎರಡು ಮೂರು ವಸ್ತುಗಳನ್ನು ಒಟ್ಟಿಗೆ ಕೇಳಿದರೆ ಇನ್ನೂ ಇಳಿಸುತ್ತಾರೆ.

ಚಿಕ್ಕಪೇಟೆ ಮೆಟ್ರೊ ನಿಲ್ದಾಣದಿಂದ ನಡೆದು ಹೋಗಬಹುದು, ಗಾಡಿ ತೆಗೆದುಕೊಂಡು ಹೋಗುವುದು ಬೇಡ. ಬೇಗ ಹೋದಷ್ಟೂ ಒಳ್ಳೆಯದು, ಏಕೆಂದರೆ ಕೆಲಸ ಬಲ್ಲ ಬಡಗಿಗಳೂ ಮೆಕ್ಯಾನಿಕ್‌ಗಳೂ ಬೆಳಿಗ್ಗೆಯೇ ಬಂದು ಒಳ್ಳೆಯದನ್ನು ಆರಿಸಿಕೊಂಡು ಹೋಗಿರುತ್ತಾರೆ. ಮಳೆಗಾಲದಲ್ಲಿ ಹೋಗುವುದಾದರೆ ಒಂದು ಹಳೆಯ ಬಟ್ಟೆಯ ತುಂಡು ಜೊತೆಗಿರಲಿ. ಆ ತಿಂಗಳುಗಳಲ್ಲಿ ನೆನೆದ ಸಾಮಾನಿನ ತುಕ್ಕು ಕಾಣದಂತೆ ಕೆಲವರು ಸುಟ್ಟ ಇಂಜಿನ್ ಆಯಿಲ್ ಬಳಿದಿರುತ್ತಾರೆ. ಅದನ್ನು ಅಂಚಿನವರೆಗೂ ಒರೆಸಿ ನೋಡಿದ ಮೇಲೆಯೇ ಬೆಲೆ ಕೇಳಬೇಕು.