ಸರಸ್ವತಿಪುರಂನ ನಮ್ಮ ಲ್ಯಾಬು: ನಾಲ್ಕು ಸ್ಟಾರ್

ಅಮ್ಮನಿಗೆ ಹೃದಯದ ಮೈಟ್ರಲ್ ಕವಾಟದ ಜಾಗದಲ್ಲಿ ಲೋಹದ ಕವಾಟ ಹಾಕಿ ಒಂಬತ್ತು ವರ್ಷ. ಅಂದಿನಿಂದ ದಿನಾ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಅಸಿಟ್ರೋಮ್ ಮಾತ್ರೆ, ರಕ್ತ ಹೆಪ್ಪುಗಟ್ಟೋಕೆ ಎಷ್ಟು ತಡವಾಗುತ್ತೆ ಅಂತ ನೋಡೋಕೆ ತಿಂಗಳಿಗೊಮ್ಮೆ ಐಎನ್‌ಆರ್ ಪರೀಕ್ಷೆ. ಈ ಲ್ಯಾಬಿನಲ್ಲಿ ರಕ್ತ ತೆಗೆಯೋ ಹುಡುಗಿಯ ಕೈ ಹಗುರ. ನೀಲಿ ಮುಚ್ಚಳದ ಟ್ಯೂಬಿಗೆ ಗೆರೆ ಮುಟ್ಟೋವರೆಗೂ ತುಂಬಿಸಿ, ಹತ್ತಿ ಇಟ್ಟು, "ಐದು ನಿಮಿಷ ಒತ್ತಿ ಹಿಡೀರಿ ಅಮ್ಮ, ನಿಮಗೆ ರಕ್ತ ಬೇಗ ನಿಲ್ಲಲ್ಲ" ಅಂತ ತಾನೇ ಗಡಿಯಾರ ನೋಡ್ತಾ ನಿಲ್ತಾಳೆ. ಮುಂಚೆ ಹೋಗ್ತಿದ್ದ ಕಡೆ ಪ್ಲಾಸ್ಟರ್ ಅಂಟಿಸಿ ಕಳಿಸಿಬಿಡೋರು. ವಾರವೆಲ್ಲ ತೋಳು ನೇರಳೆಹಣ್ಣಿನ ಬಣ್ಣ.

ಕಳೆದ ತಿಂಗಳು ಐಎನ್‌ಆರ್ 2.5ರಿಂದ 3.5ರೊಳಗೆ ಇರಬೇಕಾದದ್ದು 6.2 ಬಂತು. ಸಂಜೆ ರಿಪೋರ್ಟ್ ಕೊಡೋವರೆಗೂ ಕಾಯದೆ ಮಧ್ಯಾಹ್ನವೇ ಫೋನ್ ಮಾಡಿದ್ರು: "ವಸಡಲ್ಲಿ ರಕ್ತ ಬರ್ತಿದೆಯಾ? ಮಲ ಕಪ್ಪಗಿದೆಯಾ? ಈಗಲೇ ಡಾಕ್ಟರಿಗೆ ಹೇಳಿ." ಆಮೇಲೆ ಗೊತ್ತಾಯ್ತು, ಮಂಡ್ಯದ ಮದುವೆ ಊಟದ ನಂತರ ಭೇದಿ ಅಂತ ಅಮ್ಮ ಯಾರನ್ನೂ ಕೇಳದೆ ಮೆಟ್ರೋನಿಡಜೋಲ್ ಅನ್ನೋ ಆ್ಯಂಟಿಬಯೋಟಿಕ್ ನುಂಗಿದ್ರು. ಅದು ಅಸಿಟ್ರೋಮ್ ಮಾತ್ರೆಯ ಜೋರು ಹೆಚ್ಚಿಸುತ್ತೆ. ಮಾತ್ರೆಯ ಜೋರು ಇಳಿಸೋ ಸೊಪ್ಪಿನ ಉಪ್ಸಾರು ಬಿಡಿಸಿದ್ದಕ್ಕೇ ಹೀಗಾಯ್ತು ಅಂತ ಅಮ್ಮನ ವಾದ!

ಒಂದು ಸ್ಟಾರ್ ಕಳೆದದ್ದು ಮೆಟ್ಟಿಲಿಗೆ. ಹದಿನಾಲ್ಕು ಮೆಟ್ಟಿಲು, ಹಿಡ್ಕೊಳ್ಳೋಕೆ ಕಂಬಿ ಇಲ್ಲ. ಜಾರಿ ತಲೆಗೆ ಪೆಟ್ಟಾದ್ರೆ ಒಳಗೇ ರಕ್ತಸ್ರಾವ ಆಗೋ ಜನ ಹತ್ತೋ ಜಾಗ ಅದು.